ಬೈಕ್ ಹ್ಯಾಂಡಲ್‌ಗೆ ನ್ಯಾವಿಗೇಶನ್ ಸ್ಕ್ರೀನ್: ಪುಣೆಯ ಕನ್ನಡ ಸವಾರರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿರುವ ನಮ್ಮ ಕಡೆಯ ಬೈಕ್ ಸವಾರರಿಗೆ ಎರಡು ಥರದ ಓಡಾಟ. ವಾರವಿಡೀ ಕೋಥ್ರೂಡ್‌ನಿಂದ ಹಿಂಜವಡಿ, ಚಿಂಚವಾಡದಿಂದ ಚಾಕಣ ಅಂತ ಕೆಲಸದ ದಾರಿ. ಹಬ್ಬ, ಮದುವೆ, ಜಾತ್ರೆ ಬಂದರೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ, ಹುಬ್ಬಳ್ಳಿಯ ಊರ ದಾರಿ. ನಡುವೆ ಮಳೆಗಾಲದಲ್ಲಿ ತಾಮ್ಹಿಣಿ ಘಾಟ್, ಚಳಿಗಾಲದಲ್ಲಿ ಗೋವಾ. ಈ ಎಲ್ಲದಕ್ಕೂ ಹ್ಯಾಂಡಲ್ ಮೇಲೆ ಒಂದು ಸ್ಕ್ರೀನ್ ಹಾಕಿಸಿಕೊಳ್ಳಬೇಕು ಅನ್ನುವವರು ಈಗ ಬಹಳ. ಅಂಗಡಿಗೆ ಹೋದರೆ ಮೊದಲು ತೋರಿಸುವುದು ಇಂಚು, ಕ್ಯಾಮೆರಾ, ಬಣ್ಣಬಣ್ಣದ ಮೆನು. ನಿಜವಾಗಿ ನೋಡಬೇಕಾದ್ದು ಮೂರೇ: ನಮ್ಮ ಬಿಸಿಲಿನಲ್ಲಿ ಒಂದೇ ನೋಟಕ್ಕೆ ಓದಲು ಬರುತ್ತದೆಯೇ, ಸಹ್ಯಾದ್ರಿಯ ಮಳೆ ತಡೆಯುತ್ತದೆಯೇ, ಬೈಕಿನ ಬ್ಯಾಟರಿಗೆ ಭಾರವಾಗದೆ ಇರುತ್ತದೆಯೇ. ಈ ಮೂರು ಸರಿಯಿದ್ದರೆ ಉಳಿದವು ಇದ್ದರೂ ಸೈ, ಇಲ್ಲದಿದ್ದರೂ ಸೈ.

ಹಂತ 1: ನಿಮಗೆ ಸ್ಕ್ರೀನ್ ಬೇಕೇ, ನೋಡಿಕೊಳ್ಳಿ

ದಿನಾ ಹೋಗುವ ಆಫೀಸಿನ ದಾರಿಗೆ ಮಾತ್ರ ಬೇಕು ಅನ್ನುವವರಿಗೆ ನನ್ನ ಸಲಹೆ: ಹೆಲ್ಮೆಟ್‌ಗೆ ಒಂದು ಬ್ಲೂಟೂತ್ ಇಂಟರ್‌ಕಾಮ್ (ಕಿವಿಯ ಹತ್ತಿರ ಕೂರುವ ಸ್ಪೀಕರ್, ಮೈಕ್) ಹಾಕಿಸಿ, ಫೋನ್ ಜೇಬಿನಲ್ಲಿಟ್ಟು ದನಿ ಕೇಳುತ್ತಾ ಹೋಗಿ. ಗೂಗಲ್ ಮ್ಯಾಪ್ಸ್‌ನಲ್ಲಿ ಕನ್ನಡದ ದನಿಯನ್ನೇ ಇಟ್ಟುಕೊಳ್ಳಬಹುದು. ಪರಿಚಯದ ದಾರಿಯಲ್ಲಿ ನಮಗೆ ಬೇಕಾದ್ದು ಎಲ್ಲಿ ಟ್ರಾಫಿಕ್ ಜಾಮ್ ಆಗಿದೆ ಅನ್ನುವ ಒಂದು ಮಾತು, ಅದಕ್ಕೆ ಕಿವಿ ಸಾಕು.

ಡೆಲಿವರಿ ಕೆಲಸ ಮಾಡುವ ಹುಡುಗರಿಗೂ ಈ ಸ್ಕ್ರೀನ್ ಹೊಂದುವುದಿಲ್ಲ. ಫೋನಿನ ಆ್ಯಪ್‌ಗಳನ್ನು ಇಂಥ ಸ್ಕ್ರೀನಿಗೆ ತರುವ ವ್ಯವಸ್ಥೆಗಳು ಐಫೋನಿಗೆ ಆಪಲ್ ಕಾರ್‌ಪ್ಲೇ, ಆಂಡ್ರಾಯ್ಡ್ ಫೋನಿಗೆ ಆಂಡ್ರಾಯ್ಡ್ ಆಟೋ. ಎರಡರಲ್ಲೂ ಫೋನಿನ ಎಲ್ಲ ಆ್ಯಪ್‌ಗಳೂ ಬರುವುದಿಲ್ಲ. ಮ್ಯಾಪ್, ಹಾಡು, ಕರೆ, ಸಂದೇಶದಂಥ ಕೆಲವು ಬಗೆಯವಕ್ಕೆ ಮಾತ್ರ ಅವಕಾಶ. ವಾಟ್ಸ್‌ಆ್ಯಪ್ ಸಂದೇಶ ಬಂದರೂ ಓದಿ ಹೇಳುತ್ತದೆ, ಚಾಟ್ ಪೂರ್ತಿ ತೆರೆದು ತೋರಿಸುವುದಿಲ್ಲ. ಆರ್ಡರ್ ಬರುವ ಆ್ಯಪ್ ಅನ್ನೇ ನೋಡಬೇಕಾದವರಿಗೆ ಫೋನ್ ಹ್ಯಾಂಡಲ್ ಮೇಲೇ ಇರಬೇಕು. ಅವರು ದುಡ್ಡನ್ನು ಒಳ್ಳೆಯ ಮೌಂಟ್, ನೀರು ತಡೆಯುವ ಕವರ್, ಒಂದು ಚಾರ್ಜರ್ ಮೇಲೆ ಹಾಕುವುದು ಲೇಸು.

ದೂರದ ಪ್ರಯಾಣ ಮಾಡುವವರಿಗೆ, ಗೊತ್ತಿಲ್ಲದ ಊರಿನಲ್ಲಿ ಅಲೆಯುವವರಿಗೆ ಸ್ಕ್ರೀನ್ ನಿಜಕ್ಕೂ ಉಪಯೋಗದ್ದು. ಫೋನನ್ನೇ ಹ್ಯಾಂಡಲ್‌ಗೆ ಕಟ್ಟಿದರೆ ಆಗುವ ನಷ್ಟ ಸಣ್ಣದಲ್ಲ. ದೊಡ್ಡ ಎಂಜಿನ್ನಿನ ಬೈಕುಗಳ ಕಂಪನಕ್ಕೆ ಫೋನ್ ಕ್ಯಾಮೆರಾದ ಚಿತ್ರ ಸ್ಥಿರಗೊಳಿಸುವ ಭಾಗ, ಫೋಕಸ್ ಮಾಡುವ ಭಾಗ ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಬಿಸಿಲಿನ ಕಾಟ ಬೇರೆ. ಐಫೋನ್ ಬಳಸಲು ಕಂಪನಿ ಹೇಳುವ ವಾತಾವರಣದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ವರೆಗೆ. ಏಪ್ರಿಲ್‌ನಲ್ಲಿ ಕರಾಡದ ಹತ್ತಿರ ಮಧ್ಯಾಹ್ನ ಹೊರಟರೆ ಆ ಮಿತಿ ಆರಾಮಾಗಿ ದಾಟುತ್ತದೆ. ಫೋನ್ ಮೊದಲು ಬೆಳಕು ಕಡಿಮೆ ಮಾಡುತ್ತದೆ, ಆಮೇಲೆ ಚಾರ್ಜಿಂಗ್ ನಿಲ್ಲಿಸುತ್ತದೆ, ಕೊನೆಗೆ ತಣ್ಣಗಾಗಲು ಬಿಡಿ ಎಂದು ಕೈ ಎತ್ತುತ್ತದೆ. ದಾರಿ ತೋರಿಸುವುದೂ ಅದೇ, ಆಪತ್ತಿನಲ್ಲಿ ಮನೆಗೆ ಕರೆ ಮಾಡುವುದೂ ಅದೇ. ಹಾಗಾಗಿ ಫೋನ್ ಜೇಬಿನಲ್ಲಿ ಸುರಕ್ಷಿತವಾಗಿದ್ದು, ಹ್ಯಾಂಡಲ್ ಮೇಲೆ ಬೇರೊಂದು ಸ್ಕ್ರೀನ್ ಇರುವುದು ಒಳ್ಳೆಯ ಏರ್ಪಾಡು.

ಹಂತ 2: ಯಾವ ಜಾತಿಯದು ಬೇಕು

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ.

ಒಂದು, ಬರೀ ತಿರುವು ತೋರಿಸುವ ಚಿಕ್ಕ ಡಿಸ್‌ಪ್ಲೇ. ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯೋರ್ 350 ಜೊತೆ ತಂದ ಟ್ರಿಪ್ಪರ್ ಈ ಜಾತಿಯದು. ಬಾಣದ ಗುರುತು, ತಿರುವಿಗೆ ಇನ್ನೆಷ್ಟು ದೂರ, ಅಷ್ಟೇ. ನಿಮ್ಮ ಬೈಕಿನಲ್ಲಿ ಇಂಥದ್ದು ಆಗಲೇ ಇದ್ದರೆ ಮೊದಲು ಒಂದೆರಡು ತಿಂಗಳು ಅದನ್ನೇ ಮನಸ್ಸಿಟ್ಟು ಬಳಸಿ. ಹೆದ್ದಾರಿಯಲ್ಲಿ ಅದಕ್ಕಿಂತ ಹೆಚ್ಚು ಬೇಕಾಗುವುದು ಕಡಿಮೆ. ಕಷ್ಟ ಬರುವುದು ಊರೊಳಗೆ, ಒಂದರ ಪಕ್ಕ ಒಂದು ಮೂರು ಗಲ್ಲಿಗಳಿದ್ದಾಗ.

ಎರಡು, ಗಾರ್ಮಿನ್ ಝೂಮೋದಂಥ ಸ್ವತಂತ್ರ ಜಿಪಿಎಸ್. ಮ್ಯಾಪ್ ಅದರೊಳಗೇ ಇರುತ್ತದೆ, ಫೋನಿನ ಹಂಗಿಲ್ಲ, ಮಳೆ ಬಿಸಿಲಿಗೆಂದೇ ಕಟ್ಟಿದ್ದು. ಲಡಾಖ್, ಸ್ಪಿತಿ ಅಂತ ವಾರಗಟ್ಟಲೆ ಹೋಗುವವರಿಗೆ ತಕ್ಕದ್ದು. ಪುಣೆಯ ಟ್ರಾಫಿಕ್ಕಿನಲ್ಲಿ ಮಾತ್ರ ಗೂಗಲ್‌ನಷ್ಟು ಚುರುಕಾಗಿ ದಾರಿ ಬದಲಿಸುವುದಿಲ್ಲ, ಬೆಲೆಯೂ ಜಾಸ್ತಿ.

ಮೂರು, ಈಗ ಎಲ್ಲರೂ ಕೇಳುತ್ತಿರುವ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಸ್ಕ್ರೀನ್. ಇದರೊಳಗೆ ಮ್ಯಾಪ್ ಇರುವುದಿಲ್ಲ. ಕೆಲಸವೆಲ್ಲ ಫೋನಿನದೇ. ಫೋನ್ ಚಿತ್ರ ತಯಾರಿಸಿ ವೈಫೈ ಮೂಲಕ ಕಳಿಸುತ್ತದೆ, ಸ್ಕ್ರೀನ್ ತೋರಿಸುತ್ತದೆ, ನೀವು ಮುಟ್ಟಿದ್ದನ್ನು ಫೋನಿಗೆ ವಾಪಸ್ ಹೇಳುತ್ತದೆ. ಇದರಿಂದ ನಮಗೊಂದು ಲಾಭ: ಫೋನಿನಲ್ಲಿ ಕನ್ನಡ ಅಕ್ಷರ ಸರಿಯಾಗಿ ಬರುತ್ತಿದ್ದರೆ ಇಲ್ಲಿಯೂ ಸರಿಯಾಗಿಯೇ ಬರುತ್ತದೆ. ಬೈಕಿನ ಮೀಟರಿನಲ್ಲಿ ಬರುವ ಕೆಲವು ಚಿಕ್ಕ ಡಿಸ್‌ಪ್ಲೇಗಳಲ್ಲಿ, ‘ಅವ್ವ’ ಎಂದು ಕನ್ನಡದಲ್ಲಿ ಸೇವ್ ಮಾಡಿದ ಹೆಸರು ಬರೀ ಚೌಕ ಚೌಕವಾಗಿ ಕಾಣುವುದುಂಟು.

ಆಂಡ್ರಾಯ್ಡ್ ಫೋನ್ ಇದ್ದರೆ ಆಂಡ್ರಾಯ್ಡ್ 11 ಅಥವಾ ಮೇಲಿನದಿದೆಯೇ, 5 ಗಿಗಾಹರ್ಟ್ಜ್ ವೈಫೈ ಇದೆಯೇ ನೋಡಿಕೊಳ್ಳಿ. ವೈರ್ ಇಲ್ಲದ ಸಂಪರ್ಕಕ್ಕೆ ಇವೆರಡೂ ಬೇಕು. ಬ್ಲೂಟೂತ್ ಕೆಲಸ ಪರಿಚಯ ಮಾಡಿಕೊಡುವವರೆಗೆ, ಮುಂದಿನದೆಲ್ಲ ವೈಫೈ ಮೇಲೆ. ಹೀಗಾಗಿ ಜೇಬಿನಲ್ಲಿದ್ದರೂ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಬೆಳಗಾವಿ ಪ್ರಯಾಣಕ್ಕೆ ಟ್ಯಾಂಕ್ ಬ್ಯಾಗ್‌ನಲ್ಲಿ ಒಂದು ಪವರ್ ಬ್ಯಾಂಕ್ ಇರಲಿ. ಬಹಳಷ್ಟು ಸ್ಕ್ರೀನ್‌ಗಳು ಲೊಕೇಶನ್ನನ್ನೂ ಫೋನಿನಿಂದಲೇ ಪಡೆಯುತ್ತವೆ, ಹಾಗಾಗಿ ಫೋನನ್ನು ಲೋಹದ ಸೈಡ್ ಬಾಕ್ಸ್‌ನಲ್ಲಿ ಹಾಕಿ ಬೀಗ ಹಾಕಬೇಡಿ, ಜಿಪಿಎಸ್ ದುರ್ಬಲವಾಗುತ್ತದೆ.

ಹಂತ 3: ಬೈಕಿಗೆ ಬಿಟ್ಟ ದಾರಿಯೇ ತೋರಿಸುತ್ತದೆಯೇ

ಇದನ್ನು ಅಂಗಡಿಯವರು ಹೇಳುವುದಿಲ್ಲ. ಮುಂಬೈ, ಪುಣೆ ಭಾಗದ ಸವಾರರಿಗೆ ಮೊದಲು ಹೇಳಿದ ಮೂರರಷ್ಟೇ ಇದೂ ಮುಖ್ಯ.

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಬಾಂದ್ರಾ–ವರ್ಳಿ ಸೀ ಲಿಂಕ್ ಮೇಲೂ ಇಲ್ಲ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನ ಮೇಲೂ ಇಲ್ಲ. ಗೂಗಲ್ ಮ್ಯಾಪ್ಸ್‌ಗೆ ಭಾರತದಲ್ಲಿ ಟು ವೀಲರ್ ಮೋಡ್ ಬಂದದ್ದು 2017ರಲ್ಲಿ, ಫೋನಿನಲ್ಲಿ ಅದನ್ನು ಆರಿಸಿಕೊಂಡರೆ ಬೈಕಿಗೆ ತಕ್ಕ ದಾರಿ ಹುಡುಕುತ್ತದೆ. ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋಗಳು ಹುಟ್ಟಿದ್ದು ಕಾರಿಗಾಗಿ. ನಿಮ್ಮ ಫೋನ್ ಆ ಸ್ಕ್ರೀನಿಗೆ ಜೋಡಿಸಿದಾಗ ಬೈಕ್ ಮೋಡ್ ಉಳಿಯುತ್ತದೆಯೋ, ಕಾರಿನ ದಾರಿಗೆ ಜಾರುತ್ತದೆಯೋ ಎಂದು ಕೊಳ್ಳುವ ಮೊದಲೇ ಪರೀಕ್ಷೆ ಮಾಡಿ. ಪರೀಕ್ಷೆ ಸುಲಭ: ಸ್ಕ್ರೀನ್ ಜೋಡಿಸಿ, ಶಿವಾಜಿನಗರದಿಂದ ದಾದರ್‌ಗೆ ದಾರಿ ಕೇಳಿ. ಲೋಣಾವಳ, ಖೋಪೋಲಿ, ಪನ್ವೇಲ್ ಮೂಲಕ ಹಳೇ ಹೆದ್ದಾರಿ ತೋರಿಸಿದರೆ ಸರಿ. ಎಕ್ಸ್‌ಪ್ರೆಸ್‌ವೇಗೆ ಕರೆದುಕೊಂಡು ಹೋದರೆ, ಸೆಟ್ಟಿಂಗ್‌ನಲ್ಲಿ ಟೋಲ್ ಬಿಡು, ಹೈವೇ ಬಿಡು ಎಂಬ ಆಯ್ಕೆಗಳನ್ನು ಹಾಕಿ ಮತ್ತೆ ನೋಡಿ. ಅದೂ ಆಗದಿದ್ದರೆ ನಡುವೆ ಲೋಣಾವಳ, ಖೋಪೋಲಿ ಎಂದು ನಿಲ್ದಾಣಗಳನ್ನು ಸೇರಿಸಿ ದಾರಿಯನ್ನು ಕಟ್ಟಿಹಾಕಿ. ಲೋಣಾವಳ, ಖಂಡಾಳಾ ಹತ್ತಿರ ಎರಡೂ ರಸ್ತೆ ಅಕ್ಕಪಕ್ಕಕ್ಕೆ ಬರುತ್ತವೆ. ಅಲ್ಲಿ ಸ್ಕ್ರೀನ್ ಏನೇ ಹೇಳಲಿ, ರಸ್ತೆಯ ಬೋರ್ಡ್ ಹೇಳಿದ್ದೇ ಮಾತು.

ಘಾಟ್‌ಗಳಲ್ಲಿ ಇನ್ನೊಂದು ಕಷ್ಟ. ತಾಮ್ಹಿಣಿಯಲ್ಲಿ, ಬೆಳಗಾವಿಯಿಂದ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟ್‌ನಲ್ಲಿ ನೆಟ್‌ವರ್ಕ್ ಕೈಕೊಡುವ ಜಾಗಗಳಿವೆ. ಹೊರಡುವ ಮೊದಲು ಆ ಭಾಗದ ಆಫ್‌ಲೈನ್ ಮ್ಯಾಪ್ ಫೋನಿಗೆ ಇಳಿಸಿಕೊಳ್ಳಿ. ಕಾತ್ರಜ್ ಸುರಂಗದೊಳಗೆ ಜಿಪಿಎಸ್ ಸಿಗದೆ ಬಾಣ ಎಲ್ಲೋ ನಿಂತುಬಿಟ್ಟರೆ ಗಾಬರಿಯಾಗಿ ಸ್ಕ್ರೀನ್ ತಟ್ಟಬೇಡಿ, ಹೊರಗೆ ಬಂದ ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ.

ಹಂತ 4: ಅಳತೆ ಮತ್ತು ಜಾಗ

ಕೊಲ್ಹಾಪುರದಲ್ಲಿ ಓದುವ ನನ್ನ ಅಕ್ಕನ ಮಗ ಫೋನ್ ಮಾಡಿ, “ಮಾಮಾ, ಏಳು ಇಂಚಿಂದ ತಗೋತೀನಿ, ದೊಡ್ಡದಾಗಿ ಕಾಣತೈತಿ” ಅಂದ. “ಮೊದಲ ಒಂದ ರಟ್ಟು ಕತ್ತರಿಸಿ ಹ್ಯಾಂಡಲ್ ಮ್ಯಾಲೆ ಕಟ್ಟಿ ನೋಡಪಾ” ಅಂದೆ. ಏಳು ಇಂಚಿನ ಅಳತೆಯ ರಟ್ಟನ್ನು ಅವನು ತನ್ನ 150 ಸಿಸಿ ಬೈಕಿಗೆ ಕಟ್ಟಿದಾಗ ಮೀಟರ್ ಪೂರ್ತಿ ಮುಚ್ಚಿತು, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಮೂಲೆ ಟ್ಯಾಂಕಿಗೆ ತಾಗಿತು. ಐದು ಇಂಚಿನದನ್ನೇ ತಗೊಂಡ.

ಈ ರಟ್ಟಿನ ಪರೀಕ್ಷೆಗೆ ಖರ್ಚಿಲ್ಲ, ಎಲ್ಲರೂ ಮಾಡಿ. ಏಳು ಇಂಚೆಂದರೆ ಮೂಲೆಯಿಂದ ಮೂಲೆಗೆ ಸುಮಾರು 18 ಸೆಂಟಿಮೀಟರ್, ಐದು ಇಂಚೆಂದರೆ ಸುಮಾರು 13. ಸುತ್ತಲಿನ ಅಂಚನ್ನೂ ಸೇರಿಸಿ ಕತ್ತರಿಸಿ. ಮೀಟರ್, ಇಂಡಿಕೇಟರ್ ದೀಪ, ಹೆಡ್‌ಲೈಟ್, ಕೀ ಹಾಕುವ ಜಾಗ ಯಾವುದೂ ಮುಚ್ಚಬಾರದು. ನನ್ನ ಮಟ್ಟಿಗೆ 350 ಸಿಸಿವರೆಗಿನ ಬೈಕುಗಳಿಗೆ ಐದು ಇಂಚೇ ಸರಿಯಾದ ಅಳತೆ. ದೊಡ್ಡ ವಿಂಡ್‌ಸ್ಕ್ರೀನ್ ಇರುವ ಅಡ್ವೆಂಚರ್ ಬೈಕಿನಲ್ಲಿ ಆರು ಇಂಚಿಗೂ ಜಾಗ ಸಿಗುತ್ತದೆ.

ಅಳತೆಗಿಂತ ಎಲ್ಲಿ ಕೂರಿಸುತ್ತೀರಿ ಅನ್ನುವುದು ದೊಡ್ಡ ಮಾತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ. ಎರಡು ಸೆಕೆಂಡ್ ಕಣ್ಣು ಕೆಳಗೆ ಹೋಯಿತೆಂದರೆ 33 ಮೀಟರ್ ರಸ್ತೆಯನ್ನು ನೀವು ನೋಡಿಲ್ಲ. ಟ್ಯಾಂಕಿನ ಹತ್ತಿರ ಕೂರಿಸಿದ ಸ್ಕ್ರೀನಿಗೆ ತಲೆಯನ್ನೇ ಬಗ್ಗಿಸಬೇಕು. ಮೀಟರಿನ ಮೇಲ್ಭಾಗಕ್ಕೆ, ಅಡ್ಡಪಟ್ಟಿಯ ಮೇಲೆ ಕೂರಿಸಿದರೆ ಕಣ್ಣು ಹೊರಳಿಸಿದರೆ ಸಾಕು. ಆದಷ್ಟೂ ಮೇಲೆ ಕೂರಿಸಿ.

ಕ್ಲ್ಯಾಂಪ್ ಕೊಳ್ಳುವಾಗ ಹ್ಯಾಂಡಲಿನ ದಪ್ಪ ಅಳೆಯಿರಿ. ನಮ್ಮ ಬೈಕುಗಳಲ್ಲಿ ಸಾಮಾನ್ಯವಾಗಿ 22 ಮಿಲಿಮೀಟರ್, ಮಧ್ಯಕ್ಕೆ ದಪ್ಪವಾಗುವ ಹ್ಯಾಂಡಲಿನಲ್ಲಿ 28.6. ಕ್ಲ್ಯಾಂಪ್ ಲೋಹದ್ದಿರಲಿ, ಪ್ಲಾಸ್ಟಿಕ್ ಗುಂಡಿನ (ಬಾಲ್ ಜಾಯಿಂಟ್) ಮೌಂಟ್ ನಮ್ಮ ರಸ್ತೆಯ ಗುಂಡಿಗಳಿಗೆ ಬಾಳುವುದಿಲ್ಲ. ಸ್ಕ್ರೀನಿನ ಬೆನ್ನಿಗೆ ಯಾವ ಅಳತೆಯ ಗುಂಡು ಬರುತ್ತದೆ ಕೇಳಿ. 17 ಮಿಲಿಮೀಟರ್ ಅಥವಾ ಒಂದಿಂಚಿನದಾದರೆ ಮುಂದೆ ಬೇರೆ ತೋಳು ಹಾಕಿಸುವುದು ಸುಲಭ.

ಹಂತ 5: ಬಿಸಿಲಿಗೆ ಹಿಡಿದು ನೋಡಿ

ಬೆಳಕಿನ ಅಳತೆ ನಿಟ್ಸ್. ಪೆಟ್ಟಿಗೆಯ ಮೇಲೆ 1000 ನಿಟ್ಸ್‌ಗಿಂತ ಕಡಿಮೆ ಬರೆದಿದ್ದರೆ ನಾನಂತೂ ಕೊಳ್ಳಲು ಹೇಳುವುದಿಲ್ಲ. ಬರೆದದ್ದನ್ನೂ ಪೂರ್ತಿ ನಂಬಬೇಡಿ, ಕಣ್ಣಾರೆ ನೋಡಿ. ನಾನಾ ಪೇಠ್‌ನಲ್ಲಿ ಬೈಕ್ ಸಾಮಾನಿನ ಅಂಗಡಿಗಳು ಸಾಲಾಗಿವೆ, ಅಲ್ಲಿಗೆ ಸಂಜೆ ಹೋಗುವ ಬದಲು ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಹೋಗಿ. ಸ್ವಂತ ಫೋನ್, ಒಂದು ಪವರ್ ಬ್ಯಾಂಕ್, ದಿನಾ ಹಾಕುವ ಗ್ಲೌಸ್, ಕೂಲಿಂಗ್ ಗ್ಲಾಸ್, ಒಂದು ಬಾಟಲಿ ನೀರು ಜೊತೆಗಿರಲಿ. ಯುಎಸ್‌ಬಿ ಮೇಲೆ ನಡೆಯುವ ಸ್ಕ್ರೀನಾದರೆ ಪವರ್ ಬ್ಯಾಂಕಿಗೆ ಜೋಡಿಸಿ ಅಂಗಡಿಯ ಹೊರಗೆ ತನ್ನಿ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಸಿಲು ನಿಮ್ಮ ಭುಜದ ಮೇಲಿಂದ ನೇರ ಗಾಜಿನ ಮೇಲೆ ಬೀಳುವ ಹಾಗೆ ಸೊಂಟದ ಮಟ್ಟಕ್ಕೆ ಹಿಡಿಯಿರಿ. ಚಳಿಗಾಲದ ಮಧ್ಯಾಹ್ನ ಬೆಳಗಾವಿಯಿಂದ ಪುಣೆಗೆ ಉತ್ತರಮುಖವಾಗಿ ಬರುವಾಗ ಬಿಸಿಲು ಬೀಳುವುದು ಹೀಗೆಯೇ. ಮೊದಲು ಕಾಣುವುದು ನಿಮ್ಮದೇ ಅಂಗಿಯ ಪ್ರತಿಬಿಂಬ. ಅದರ ಹಿಂದೆ ನೀಲಿ ಗೆರೆ, ತಿರುವಿನ ಬಾಣ, ಮೀಟರ್ ಲೆಕ್ಕ ತಡಕಾಡದೆ ಓದಲು ಬಂದರೆ ಪಾಸು. ತಿಳಿ ಬಣ್ಣದ ಅಂಗಿ ಹಾಕಿಕೊಂಡು ಹೋದರೆ ಪರೀಕ್ಷೆ ಇನ್ನೂ ಕಟ್ಟುನಿಟ್ಟಾಗುತ್ತದೆ.

ಆಮೇಲೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೋಡಿ. ಪೋಲರೈಸ್ಡ್ ಗಾಜಿನಲ್ಲಿ ಕೆಲವು ಎಲ್‌ಸಿಡಿ ಸ್ಕ್ರೀನ್‌ಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ. ಸ್ಕ್ರೀನನ್ನು ಅಡ್ಡ, ಉದ್ದ ತಿರುಗಿಸಿ ನೋಡಿ, ಯಾವ ದಿಕ್ಕಿನಲ್ಲಿ ಕೂರಿಸಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಗಾಜಿಗೂ ಪ್ಯಾನೆಲ್‌ಗೂ ನಡುವೆ ಗಾಳಿಯ ಪದರ ಇಲ್ಲದೆ ಅಂಟಿಸಿದ್ದಾದರೆ ಪ್ರತಿಫಲನ ಕಡಿಮೆ, ಒಳಗೆ ಮಂಜು ಕಟ್ಟುವ ಕಾಟವೂ ಇಲ್ಲ. ರಾತ್ರಿಯಲ್ಲಿ ಇದರ ಉಲ್ಟಾ ಬೇಕು: ಬೆಳಕು ತಾನಾಗಿ ತಗ್ಗಬೇಕು, ಇಲ್ಲದಿದ್ದರೆ ಖಂಬಾಟ್ಕಿ ಘಾಟ್‌ನ ಕತ್ತಲೆಯಲ್ಲಿ ಕಣ್ಣು ಕೋರೈಸುತ್ತದೆ.

ಹಂತ 6: ಮಳೆ, ಧೂಳು, ಉಪ್ಪು ಗಾಳಿ

ಧೂಳು, ನೀರು ಎಷ್ಟು ತಡೆಯುತ್ತದೆ ಎಂದು ಹೇಳುವುದು ಐಪಿ ಸಂಖ್ಯೆ. ಅದರಲ್ಲಿ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಐಪಿ65 ಎಂದರೆ ಧೂಳು ಒಳಗೆ ಹೋಗುವುದಿಲ್ಲ, ನೀರಿನ ಚಿಮ್ಮು ತಡೆಯುತ್ತದೆ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ತಡೆಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಮುಳುಗಿಸಿದರೆ ತಡೆಯುವುದು ಜೋರಾಗಿ ಚಿಮ್ಮುವ ನೀರನ್ನೂ ತಡೆಯುತ್ತದೆ ಎಂದೇನೂ ಅರ್ಥವಲ್ಲ, ಅವೆರಡು ಬೇರೆ ಬೇರೆ ಪರೀಕ್ಷೆ. ಗಂಟೆಗೆ 80ರ ವೇಗದಲ್ಲಿ ಮಳೆ ಮುಖಕ್ಕೆ ರಾಚುವಾಗ ಆಗುವುದು ಚಿಮ್ಮುವ ನೀರಿನ ಹೊಡೆತ. ಸಾಧ್ಯವಾದರೆ ಐಪಿ66 (ಇನ್ನೂ ಜೋರಾಗಿ ಚಿಮ್ಮುವ ನೀರಿನದು) ಮತ್ತು 67 ಎರಡೂ ಬರೆದಿರುವುದನ್ನು ಆರಿಸಿ. ವಾಷಿಂಗ್ ಸೆಂಟರ್‌ಗೆ ಬೈಕ್ ಬಿಡುವಾಗ ಮಾತ್ರ ಸ್ಕ್ರೀನ್ ಬಿಚ್ಚಿ ಮನೆಯಲ್ಲಿಡಿ, ಪ್ರೆಶರ್ ಪೈಪಿನ ಮುಂದೆ ಈ ಸಂಖ್ಯೆಗಳು ನಿಲ್ಲುವುದಿಲ್ಲ.

ನೀರು ಹೋಗುವುದು ಹೆಚ್ಚಾಗಿ ಸ್ಕ್ರೀನಿನೊಳಗಲ್ಲ, ಪ್ಲಗ್ಗಿನೊಳಗೆ. ಹಿಂದಿನ ಕನೆಕ್ಟರ್ ತಿರುಗಿಸಿ ಬಿಗಿಯುವ, ರಬ್ಬರ್ ಉಂಗುರವಿರುವ ಬಗೆಯದಿರಲಿ. ಮಾಮೂಲು ಯುಎಸ್‌ಬಿ ಸಿ ಪಿನ್ ಚುಚ್ಚಿಬಿಡುವಂಥದ್ದು ಜುಲೈ ತಿಂಗಳಿಗೆ ಸಾಲದು. ಮುಂಬೈ, ಪಣಜಿ, ವಾಸ್ಕೋದಲ್ಲಿರುವವರಿಗೆ ಸಮುದ್ರದ ಉಪ್ಪು ಗಾಳಿ ಇನ್ನೊಂದು ಶತ್ರು. ಬೋಲ್ಟ್‌ಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ, ಪಿನ್‌ಗಳಿಗೆ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ.

ಬಾಟಲಿ ನೀರಿನ ಕೆಲಸ ಈಗ. ಅಂಗಡಿಯವರ ಒಪ್ಪಿಗೆ ಪಡೆದು ಗಾಜಿನ ಮೇಲೆ ನಾಲ್ಕು ಹನಿ ಹಾಕಿ. ಹನಿ ಜಾರಿದಂತೆ ಸ್ಕ್ರೀನ್ ತಾನೇ ಮುಟ್ಟಿಸಿಕೊಂಡು ಮ್ಯಾಪ್ ಎತ್ತೆತ್ತಲೋ ಓಡಿದರೆ, ಮಳೆಯಲ್ಲಿ ಅದು ನಿಮ್ಮ ಮಾತು ಕೇಳುವುದಿಲ್ಲ. ಟಚ್ ಬಂದ್ ಮಾಡುವ ಬಟನ್ ಅಥವಾ ಹ್ಯಾಂಡಲಿಗೆ ಕಟ್ಟುವ ಚಿಕ್ಕ ರಿಮೋಟ್ ಇದ್ದರೆ ಈ ಕಷ್ಟ ತಪ್ಪುತ್ತದೆ. ಗ್ಲೌಸ್ ಬಿಚ್ಚದೆ ಒತ್ತುವ ಬಟನ್, ನಾಲ್ಕು ಕ್ಯಾಮೆರಾಕ್ಕಿಂತ ಹೆಚ್ಚು ಬೆಲೆಯದು.

ಹಂತ 7: ದನಿ

ಚಿಕ್ಕ ವಿಷಯ, ಆದರೂ ಕೇಳಿಕೊಳ್ಳಿ. ಕಾರ್‌ಪ್ಲೇ ಶುರುವಾದ ಕೂಡಲೇ ಫೋನಿನ ದನಿ ಸ್ಕ್ರೀನಿಗೆ ಹೋಗುತ್ತದೆ, ಸ್ಕ್ರೀನು ಅದನ್ನು ಹೆಲ್ಮೆಟ್‌ಗೆ ಕಳಿಸಬೇಕು. ನಿಮ್ಮದೇ ಇಂಟರ್‌ಕಾಮ್ ಜೋಡಿಸಿ, ಹಾಡು ನಡೆಯುವಾಗ ತಿರುವಿನ ದನಿ ಬರುತ್ತದೆಯೇ, ಕರೆ ಬಂದಾಗ ಆ ಕಡೆಯವರಿಗೆ ನಿಮ್ಮ ಮಾತು ಕೇಳುತ್ತದೆಯೇ ನೋಡಿ. ಸ್ಕ್ರೀನ್ ಆರಿಸಿ ಮತ್ತೆ ಹಚ್ಚಿದಾಗ ಫೋನನ್ನು ಜೇಬಿನಿಂದ ತೆಗೆಯದೆ ತಾನೇ ಜೋಡಣೆಯಾಗಬೇಕು.

ಹಂತ 8: ಕರೆಂಟ್

ಐದು ಇಂಚಿನ ಸ್ಕ್ರೀನಿಗೆ ಹತ್ತು ವ್ಯಾಟ್ ಎಂದಿಟ್ಟುಕೊಂಡರೆ 12 ವೋಲ್ಟ್‌ನಲ್ಲಿ ಒಂದು ಆಂಪಿಯರಿಗೂ ಕಡಿಮೆ. ಎಂಜಿನ್ ಓಡುವಾಗ ಇದು ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಬರುವುದು ಬೈಕ್ ನಿಂತಾಗ. ಸ್ಕ್ರೀನನ್ನು ನೇರ ಬ್ಯಾಟರಿಗೆ ಜೋಡಿಸಿ, ಆರಿಸಿದ ಮೇಲೂ ಅದು 50 ಮಿಲಿಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 1.2 ಆಂಪಿಯರ್ ಅವರ್ ಹೋಯಿತು. ಕ್ಲಾಸಿಕ್ 350ರಂಥ ಬೈಕಿನ ಬ್ಯಾಟರಿ ಎಂಟು ಆಂಪಿಯರ್ ಅವರ್. ನೀವು ರೈಲಿನಲ್ಲಿ ಊರಿಗೆ ಹೋಗಿ ವಾರ ಕಳೆದು ಬಂದರೆ ಸೆಲ್ಫ್ ಹೊಡೆಯುವುದಿಲ್ಲ.

ಹಾಗಾಗಿ ಸಂಪರ್ಕ ಇಗ್ನಿಷನ್ ಕೀ ಮೂಲಕವೇ ಇರಲಿ. ಸರಿಯಾದ ಕ್ರಮ ಇದು: ಬ್ಯಾಟರಿಯ ಪ್ಲಸ್‌ನಿಂದ ಹೊರಟ ವೈರಿಗೆ ಬ್ಯಾಟರಿಯ ಹತ್ತಿರವೇ ಎರಡು ಅಥವಾ ಮೂರು ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇ (ಸೂಚನೆ ಬಂದಾಗ ಮಾತ್ರ ಕರೆಂಟ್ ಬಿಡುವ ಸ್ವಿಚ್), ರಿಲೇಯಿಂದ ಸ್ಕ್ರೀನ್. ರಿಲೇಗೆ ಸೂಚನೆ ಕೊಡುವ ಸಣ್ಣ ವೈರ್ ಮಾತ್ರ, ಕೀ ತಿರುಗಿಸಿದಾಗ ಜೀವ ಬರುವ ಪಾರ್ಕಿಂಗ್ ಲೈಟ್ ಲೈನಿನಿಂದ. ವಾರಂಟಿ ಇರುವ ಬೈಕಿನಲ್ಲಿ ಕಂಪನಿಯ ವೈರಿಂಗ್ ಕತ್ತರಿಸಲು ಬಿಡಬೇಡಿ, ವೈರ್ ಕತ್ತರಿಸದೆ ಚುಚ್ಚಿ ಜೋಡಿಸುವ ಕಪ್ಲರ್ ಬಳಸಲು ಹೇಳಿ. ವೈರ್ ಸುತ್ತಿ ಟೇಪ್ ಹಚ್ಚಿ ಕೈತೊಳೆದುಕೊಳ್ಳುವ ಮೆಕ್ಯಾನಿಕ್ ಹತ್ತಿರ ಈ ಕೆಲಸ ಬೇಡ.

ಕೆಲಸ ಮುಗಿದ ಮೇಲೆ ಹ್ಯಾಂಡಲಿನ ಕತ್ತಿನ ಹತ್ತಿರ ಬಗ್ಗಿ ನೋಡಿ. ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸುವಾಗ ವೈರ್ ಬಿಗಿಯಾಗಬಾರದು, ಫ್ರೇಮಿಗೂ ಫೋರ್ಕಿಗೂ ನಡುವೆ ಸಿಕ್ಕಿಬೀಳಬಾರದು. ಕ್ಲಚ್, ಆಕ್ಸಿಲರೇಟರ್ ಕೇಬಲ್ ಜೊತೆ ಅದನ್ನು ಬಿಗಿದು ಕಟ್ಟಬಾರದು. ಎಂಜಿನ್ ಚಾಲೂ ಇಟ್ಟು ಇನ್ನೊಮ್ಮೆ ತಿರುಗಿಸಿ. ಆಕ್ಸಿಲರೇಟರ್ ತಾನೇ ಏರಿದರೆ ಎಲ್ಲೋ ಕೇಬಲ್ ಎಳೆಯುತ್ತಿದೆ, ಹಾಗೇ ರಸ್ತೆಗೆ ಇಳಿಯಬೇಡಿ.

ಹಂತ 9: ಕಾನೂನು

2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಕೆಳಗೆ ತರುತ್ತದೆ. 2020ರಲ್ಲಿ ಬದಲಾದ ನಿಯಮ, ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕೆಡದಂತೆ, ಇಂಥ ಸಾಧನ ಬಳಸಬಹುದು ಎನ್ನುತ್ತದೆ. ಸ್ಕ್ರೀನಿನಲ್ಲಿ ವಿಡಿಯೋ ನಡೆಯುವಂತೆ ಲಾಕ್ ತೆಗೆದು ಕೊಡುತ್ತೇವೆ ಅನ್ನುವ ಅಂಗಡಿಯವರಿದ್ದಾರೆ. ಬೇಡವೇ ಬೇಡ ಅನ್ನಿ. ವಿಳಾಸ ಬದಲಿಸಬೇಕಾದರೆ ಬೈಕ್ ಪಕ್ಕಕ್ಕೆ ಹಾಕಿ, ನಿಲ್ಲಿಸಿ, ಬದಲಿಸಿ.

ಹಂತ 10: ಬಿಲ್ಲು ಮತ್ತು ಮೊದಲ ತಿಂಗಳು

ಅಂಗಡಿಯ ಬಿಲ್ಲು, ಮಾಡೆಲ್ ಸಂಖ್ಯೆ, ವಾರಂಟಿ ಕಾರ್ಡ್ ಮೂರನ್ನೂ ಪಡೆಯಿರಿ. ಹೊರದೇಶದಿಂದ ನೇರ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು, ಕೆಟ್ಟರೆ ರಿಪೇರಿಗೆ ವಾಪಸ್ ಕಳಿಸುವ ಖರ್ಚೂ ನಿಮ್ಮದೇ. ಸಾಫ್ಟ್‌ವೇರ್ ಅಪ್‌ಡೇಟ್ ಎಲ್ಲಿ ಸಿಗುತ್ತದೆ ಕೇಳಿ. ಫೋನ್ ಅಪ್‌ಡೇಟ್ ಆದ ಮೇಲೆ ಜೋಡಣೆ ತಪ್ಪಿದರೆ ಅದೇ ಮದ್ದು. ಬಿಚ್ಚಲು ಬರುವ ಲಾಕ್ ಇರುವ ಮೌಂಟ್ ಆದರೆ ಒಳ್ಳೆಯದು. ಊಟಕ್ಕೆ ನಿಂತಾಗ ತೆಗೆದು ಬ್ಯಾಗಿಗೆ ಹಾಕಿಕೊಂಡರೆ ಕಳ್ಳರ ಭಯವೂ ಇಲ್ಲ, ಬಿಸಿಲಲ್ಲಿ ನಿಂತು ಪ್ಯಾನೆಲ್ ಕಪ್ಪಾಗುವ ಭಯವೂ ಇಲ್ಲ.

ಮೊದಲ ದೂರ ಪ್ರಯಾಣಕ್ಕೆ ನೇರ ಹುಬ್ಬಳ್ಳಿಗೆ ಹೊರಡಬೇಡಿ. ಒಂದು ಭಾನುವಾರ ಬೆಳಗ್ಗೆ ಸಾತಾರಾವರೆಗೆ ಹೋಗಿ ಬನ್ನಿ. ಬಂದ ಮೇಲೆ ಕ್ಲ್ಯಾಂಪಿನ ಬೋಲ್ಟ್‌ಗಳನ್ನು ಮತ್ತೆ ಬಿಗಿಯಿರಿ, ಹೊಸ ರಬ್ಬರ್ ಕುಳಿತುಕೊಂಡು ಸ್ವಲ್ಪ ಸಡಿಲವಾಗಿರುತ್ತದೆ. ಮೊದಲ ಜೋರು ಮಳೆ ಆದ ಮರುದಿನ ಕನೆಕ್ಟರ್ ಬಿಚ್ಚಿ ನೋಡಿ. ಪಿನ್ ಮೇಲೆ ಹಸಿರು ಕಿಲುಬು ಅಥವಾ ತೇವ ಕಂಡರೆ ಒರೆಸಿ, ಒಣಗಿಸಿ, ಗ್ರೀಸ್ ಹಚ್ಚಿ. ಗಾಜಿನ ಒಳಬದಿಗೆ ಮಂಜು ಕಂಡರೆ ಒರೆಸುವ ಮಾತೇ ಇಲ್ಲ, ವಾರಂಟಿ ಇರುವಾಗಲೇ ಫೋಟೋ ತೆಗೆದು ಅಂಗಡಿಗೆ ಒಯ್ಯಿರಿ.